ಎರಡರಷ್ಟು ಉಪ್ಪು

"ಅಡ್ಡ ಮೂವತ್ತೊಂದು, ಉದ್ದ ಮೂವತ್ತು," ಎಂದಳು ಅವಳು, ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು. "ಬರ್ಕೊಂಡ್ರಾ ಸಾಹುಕಾರ್ರೇ?"

ಎಲ್ಲಿಯ ಬರೆಯುವುದು! ಲ್ಯಾಬಿನ ಸಹಾಯಕನ ಕಣ್ಣು ಅವಳು ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲ್ಲಿನ ಮೇಲಿತ್ತು. ಅದನ್ನು ಅಲ್ಲಿಟ್ಟುಕೊಂಡು ಲ್ಯಾಬೆಲ್ಲ ಹುಡುಕುವುದು ಅವಳ ಅಭ್ಯಾಸ. ಉಪ್ಪು ತೂಗುವವನು ಅವನೇ ಆದ್ದರಿಂದ ಅವಳಿಟ್ಟ ಹೆಸರು ಉಪ್ಪಿನ ಸಾಹುಕಾರ. ಆ ಹೆಸರು ಕಿವಿಗೆ ಬಿದ್ದರೆ, ಪಾಪ, ಅವನಿಗೆ ಕೈಕಾಲೇ ಆಡುತ್ತಿರಲಿಲ್ಲ.

ಅವಳ ಸಂಶೋಧನೆಯೆಂದರೆ ಬೂಷ್ಟು ಬೆಳೆಸುವ ಕೆಲಸ. ಒಂದು ಸಾಲಿನ ತಟ್ಟೆಗಳಿಗೆ ಬರೀ ಉಪ್ಪು, ಇನ್ನೊಂದು ಸಾಲಿಗೆ ಉಪ್ಪಿನ ಜೊತೆ ಗಿಡದ ಹಾರ್ಮೋನು. ಉಪ್ಪು ಬಿದ್ದರೆ ಬೂಷ್ಟು ಮುದುಡುತ್ತದೆ. ಹಾರ್ಮೋನು ಸಿಕ್ಕರೆ ತಡೆದುಕೊಂಡು ಬೆಳೆಯುತ್ತದೆ ಎಂಬುದು ಮೂರು ವರ್ಷದಿಂದ ಅವಳ ಹಠ. ದಿನಾ ಬೆಳಿಗ್ಗೆ ಅವಳು ಅಳೆದು ಓದಬೇಕು, ಅವನು ಬರೆಯಬೇಕು. ಬೂಷ್ಟು ತಟ್ಟೆಯ ಅಂಚು ಮುಟ್ಟಿದ ದಿನ ಅಳತೆ ಮುಗಿಯುತ್ತದೆ. ಈ ಸಲ ಹತ್ತು ದಿನವಾದರೂ ಮುಟ್ಟಿರಲಿಲ್ಲ.

"ಎರಡು ಸಾಲೂ ಒಂದೇ," ಅವಳು ತಟ್ಟೆ ಕೆಳಗಿಟ್ಟಳು. "ನನ್ನ ಐಡಿಯಾನೇ ತಪ್ಪು. ನಿನ್ನೆ ಅಮ್ಮಂಗೆ ಹೇಳ್ಬಿಟ್ಟೆ, ನನ್ನ ನೋಡ್ಕೊಂಡು ಹೋದ ಆ ಹುಡುಗಂಗೆ ಹೂಂ ಅನ್ನು ಅಂತ. ಮುಂದಿನ ವಾರ ಹೊರಡ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕಣ್ಣಲ್ಲಿ ಒಳ್ಳೆಯವನಾಗಿಯೇ ಉಳಿಯುತ್ತಿದ್ದ. ಆದರೆ ತನ್ನದಲ್ಲದ ಸೋಲನ್ನು ಹೊತ್ತು ಅವಳು ಹೋಗುವುದನ್ನು ನೋಡಲಾಗಲಿಲ್ಲ.

"ಐಡಿಯಾ ತಪ್ಪಲ್ಲ. ನಾನು ಉಪ್ಪು ಜಾಸ್ತಿ ಹಾಕಿದೀನಿ. ಎಲ್ಲಾ ತಟ್ಟೆಗೂ, ಎರಡರಷ್ಟು. ಅಷ್ಟು ಉಪ್ಪಿಗೆ ಹಾರ್ಮೋನೂ ಸೋಲುತ್ತೆ."

"ಕೈತಪ್ಪಿ?"

"ಬೇಕಂತಲೇ. ಬೂಷ್ಟು ನಿಧಾನ ಆದ್ರೆ ನೀವು ಇನ್ನೊಂದು ನಾಲ್ಕು ದಿನ ಇಲ್ಲಿ ಕೂತ್ಕೋತೀರಿ ಅಂತ." ಅವನು ತಲೆ ತಗ್ಗಿಸಿದ. "ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ ನಂಗೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಮೂರು ವರ್ಷದ ಕೆಲಸ ಕಣ್ರೀ," ಎಂದಳು ಮೆಲ್ಲಗೆ. "ಬಾಯಿಬಿಟ್ಟು ಕೇಳಿದ್ರೆ ಆಗ್ತಿರ್ಲಿಲ್ವಾ? ನಾನೂ ಅದಕ್ಕೇ ಕಾಯ್ತಿದ್ದೆ."

"ಈಗ್ಲಾದ್ರೂ ಕೇಳಿದ್ರೆ?"

"ಮಾತು ಕೊಟ್ಟಾಯ್ತು." ಅವಳ ಕಣ್ಣು ತುಂಬಿತ್ತು. "ಕೊಡದಿದ್ರೂ ಅಷ್ಟೇ. ನೀವು ತೂಗಿಟ್ಟಿದ್ದನ್ನ ಇನ್ಮೇಲೆ ಹೇಗೆ ನಂಬ್ಲಿ ಹೇಳಿ? ಇನ್ನೊಂದ್ಸಲ ಸರಿಯಾಗಿ ಹಾಕಿ. ಅಷ್ಟು ಮಾಡಿ, ಸಾಕು."

ಅವಳು ಊರಿಗೆ ಹೋದ ಮೇಲೆ ಅವನು ಮೂರು ಮೂರು ಸಲ ತೂಗಿ ಹನ್ನೆರಡು ತಟ್ಟೆ ಹಾಕಿದ. ತಾನೇ ಓದಿದ, ತಾನೇ ಬರೆದುಕೊಂಡ. ಆರನೆಯ ಬೆಳಿಗ್ಗೆ ಹಾರ್ಮೋನಿನ ಸಾಲು ಅಂಚು ಮುಟ್ಟಿತು. ಬರೀ ಉಪ್ಪಿನ ಸಾಲು ಅರ್ಧಕ್ಕೇ ನಿಂತಿತ್ತು. ಅವನು ಫೋನು ಮಾಡಿದ.

"ನೀವು ಹೇಳಿದ್ದೇ ಸರಿ. ಅಂಚು ಮುಟ್ತು."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. "ಒಂದೊಂದೇ ಓದಿ. ಬರ್ಕೋತೀನಿ."

ಅವನು ಓದತೊಡಗಿದ. ನಡುವೆ ಗಂಡಸಿನ ದನಿಯೊಂದು ಅವಳನ್ನು ಕರೆಯಿತು. "ಬಂದೆ," ಎಂದಳು, ಆದರೆ ಫೋನು ಇಡಲಿಲ್ಲ. ಅವನು ಆದಷ್ಟೂ ನಿಧಾನವಾಗಿ ಓದಿದ. ಎಷ್ಟು ನಿಧಾನಿಸಿದರೂ ತಟ್ಟೆಗಳು ಹನ್ನೆರಡೇ.

"ಬರ್ಕೊಂಡ್ರಾ?" ಎಂದು ಕೇಳಿದ.

"ಬರ್ಕೊಂಡೆ, ಸಾಹುಕಾರ್ರೇ," ಎಂದು ಅವಳು ಫೋನಿಟ್ಟಳು.