ಒಲೆ ಹಚ್ಚದ ಸಿಹಿ

"ಹಾಗಾದ್ರೆ ನಾಳೆ ಮಧ್ಯಾಹ್ನ ನಮ್ಮನೇಲೇ ಮಾಡ್ಬಿಡಣ ಮೇಡಮ್" ಎಂದು ಜಗನ್ ನಕ್ಕಾಗ ಬಿಂದುಶ್ರೀಯ ಎದೆ ಧಸಕ್ಕೆಂದಿತು.

ಚಿಂತಾಮಣಿಯ ಆ ಕಾಲೇಜಿನಲ್ಲಿ ಅವಳು ಆಫೀಸ್ ಕ್ಲರ್ಕ್, ಅವನು ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವವನು. ಸ್ಟಾಫ್ ಕ್ರಿಸ್‌ಮಸ್‌ಗೆ ಯಾರು ಏನು ತರಬೇಕೆಂದು ಚೀಟಿ ಎತ್ತಿದಾಗ ಸಿಹಿ ಇವರಿಬ್ಬರ ಪಾಲಿಗೆ ಬಂದಿತ್ತು.

"ಓವನ್ ಏನೂ ಬೇಡ ಸರ್. ಬಿಸ್ಕೆಟ್ ಪುಡ್ಡಿಂಗು. ಫ್ರಿಜ್ಜಲ್ಲಿಟ್ರೆ ಸಾಕು."

"ಫ್ರಿಜ್ಜು ನಮ್ಮನೇಲಿದೆ. ಅಮ್ಮನೂ ಇರ್ತಾರೆ, ಭಯ ಪಡ್ಬೇಡಿ."

ಅವನ ಕಣ್ಣಂಚಿನ ತುಂಟತನ ಅವಳ ಕೆನ್ನೆಗೆ ಬಂದು ತಾಕಿತು. ಆದರೆ ಅವಳಿಗೆ ಭಯವಿದ್ದದ್ದೇ ಆ ಅಮ್ಮನದು, ಆ ಅಡುಗೆಮನೆಯದು.

ಮೂರು ವರ್ಷದ ಹಿಂದೆ ದಿಬ್ಬೂರಹಳ್ಳಿಯ ಮನೆಯಲ್ಲಿ ಹಾಲು ಕಾಯಿಸುವಾಗ ಅವಳ ದುಪಟ್ಟಾಗೆ ಬೆಂಕಿ ಹತ್ತಿತ್ತು. ಅಣ್ಣ ಕಂಬಳಿ ಸುತ್ತಿ ಉಳಿಸಿದ. ಗಾಯ ಮಾಯಿತು, ತೋಳಿನುದ್ದಕ್ಕೂ ಕಲೆ ಉಳಿಯಿತು. ಅಂದಿನಿಂದ ಲೈಟರಿನ ಸದ್ದು ಕೇಳಿದರೆ ಸಾಕು, ಅಡುಗೆಮನೆಯಿಂದ ಆಚೆ ಬಂದುಬಿಡುತ್ತಿದ್ದಳು. ಹೆಚ್ಚುಕಡಿಮೆ ನಿಶ್ಚಯವಾಗಿದ್ದ ಒಂದು ಸಂಬಂಧ "ಒಲೆ ಹಚ್ಚದ ಸೊಸೆ ಯಾತಕ್ಕೆ?" ಎಂಬ ಮಾತಿನಲ್ಲಿ ಮುರಿದುಹೋಗಿತ್ತು. ಆಮೇಲೆ ಅವಳು ಆ ಭಯವನ್ನು ಹೊರಗಿನ ಯಾರಿಗೂ ಹೇಳಿರಲಿಲ್ಲ. ಉದ್ದ ತೋಳಿನ ಕುರ್ತಾ ಹಾಕಿಕೊಂಡು, ಬರ್ನರ್ ಉರಿಯುವ ಜಗನ್‌ನ ಲ್ಯಾಬಿನ ಹೊಸ್ತಿಲಾಚೆಯೇ ನಿಂತು ಸಹಿ ಹಾಕಿಸಿಕೊಂಡು ಓಡಿಬರುತ್ತಿದ್ದಳು.

ಮರುದಿನ ಜಗನ್‌ನ ತಾಯಿ ಆದಿಲಕ್ಷ್ಮಮ್ಮ ಬಾಗಿಲಲ್ಲೇ ಕಾದಿದ್ದರು. ಅವಳನ್ನು ತಲೆಯಿಂದ ಪಾದದವರೆಗೆ ನೋಡಿ, ಮಗನನ್ನೂ ಒಮ್ಮೆ ನೋಡಿ, ಒಳಗೊಳಗೇ ನಕ್ಕರು. ಆ ನಗುವಿನ ಅರ್ಥ ತಿಳಿದು ಬಿಂದುಶ್ರೀ ಕುರ್ತಾದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ಕೆಲಸವೇನೋ ಹಗುರವಾಗಿ ಸಾಗಿತು. ತಣ್ಣಗಿದ್ದ ಕ್ರೀಮಿಗೆ ಅವಳು ಕಂಡೆನ್ಸ್ಡ್ ಮಿಲ್ಕ್ ಸುರಿದು ಕಲಸಿದಳು. ಅವನು ಮಾರಿ ಬಿಸ್ಕೆಟ್ಟುಗಳನ್ನು ಹಾಲಿನಲ್ಲಿ ಅದ್ದಿ ಗಾಜಿನ ಬಟ್ಟಲಲ್ಲಿ ಜೋಡಿಸಿದ.

"ಜಾಸ್ತಿ ಹೊತ್ತು ಅದ್ದಬೇಡಿ, ಕರಗೋಗುತ್ತೆ."

"ನೀವು ಹಂಗೆ ನೋಡ್ತಿದ್ರೆ ಬಿಸ್ಕೆಟ್ ಏನು, ನಾನೇ ಕರಗೋಗ್ತೀನಿ."

ಅವಳು ನಕ್ಕಳು. ಬಿಸ್ಕೆಟ್ಟಿನ ಮೇಲೆ ಕ್ರೀಮು, ಕ್ರೀಮಿನ ಮೇಲೆ ಕೋಕೋ ಪುಡಿ, ಮತ್ತೆ ಬಿಸ್ಕೆಟ್ಟು. ಮೇಲೊಂದಿಷ್ಟು ದಾಳಿಂಬೆ ಕಾಳು. ಬಟ್ಟಲು ಫ್ರಿಜ್ಜಿನೊಳಗೆ ಹೋದಾಗ, ಅಂತೂ ಪಾರಾದೆ ಎಂದುಕೊಂಡಳು.

ಅಷ್ಟರಲ್ಲಿ ಆದಿಲಕ್ಷ್ಮಮ್ಮ ಲೈಟರ್ ತಂದು ಅವಳ ಕೈಗಿಟ್ಟರು. "ಒಂದ್ಲೋಟ ಕಾಫಿ ಇಡಮ್ಮ. ನಿನ್ನ ಕೈ ರುಚಿ ನೋಡಣ."

ಲೈಟರ್ ತಣ್ಣಗಿತ್ತು. ಆದರೂ ತೋಳಿನ ಕಲೆ ಉರಿದಂತಾಯಿತು. ತಲೆ ನೋವೆಂದು ಸುಳ್ಳು ಹೇಳಬಹುದಿತ್ತು. ಆದರೆ ನಾಳೆ? ನಾಡಿದ್ದು? ಅವಳು ಲೈಟರನ್ನು ಕಟ್ಟೆಯ ಮೇಲಿಟ್ಟಳು.

"ನನ್ ಕೈಲಾಗಲ್ಲ ಅಮ್ಮ." ಕುರ್ತಾದ ತೋಳನ್ನು ಮೇಲಕ್ಕೆ ಸರಿಸಿ ಕಲೆ ತೋರಿಸಿದಳು. "ಮೂರು ವರ್ಷ ಆಯ್ತು, ಒಲೆ ಹಚ್ಚಿಲ್ಲ. ಮುಂದಾದ್ರೂ ಹಚ್ತೀನೋ ಇಲ್ವೋ ಗೊತ್ತಿಲ್ಲ."

ಸೊಸೆಯ ಆ ಹಳೆಯ ಮಾತು ಮತ್ತೆ ಕಿವಿಗೆ ಬೀಳುವ ಮೊದಲೇ ಬ್ಯಾಗ್ ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು.

ಗೇಟಿನ ಹತ್ತಿರ ಜಗನ್ ಬಂದು ಸೇರಿಕೊಂಡ. "ಲ್ಯಾಬಿಗೆ ಬರ್ದೆ ಬಾಗಿಲಲ್ಲೇ ನಿಲ್ತಿದ್ದಿದ್ದು ಇದಕ್ಕಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನನ್ ಮುಖ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ ಕಣ್ರೀ! ಒಂದು ವರ್ಷದಿಂದ ಅದೇ ಕೊರಗು ನಂಗೆ."

"ನಿಮ್ಮಮ್ಮ..."

"ಅಮ್ಮಂಗೆ ಮಂಡಿ ನೋವು. ಮನೇಲಿ ಎರಡೊತ್ತೂ ಅಡಿಗೆ ನಂದೇ. ಹುಡುಗಿ ಮನೆಗೆ ಬಂದ್ರೆ ಕಾಫಿ ಮಾಡಿಸ್ಬೇಕು ಅಂತ ಯಾರೋ ಹೇಳ್ಕೊಟ್ಟವ್ರೆ, ಅಷ್ಟೇ."

ಹಿಂದೆಯೇ ಆದಿಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಬಂದರು. ಅವರ ಕಣ್ಣು ತುಂಬಿತ್ತು. "ಅಯ್ಯೋ ತಲ್ಲೀ, ನನ್ನಮ್ಮಾ, ಗೊತ್ತಿಲ್ದೆ ಕೊಟ್ಬಿಟ್ಟೆ. ಒಳಗ್ ಬಾ. ಕಾಫಿ ಇವ್ನು ಮಾಡ್ತಾನೆ, ನಾವಿಬ್ರೂ ಹಜಾರದಲ್ಲಿ ಕೂತ್ಕೊಳಣ."

ಒಳಗಿನಿಂದ ಲೈಟರಿನ ಸದ್ದು ಬರುವ ಮೊದಲು ಜಗನ್ ಕೂಗಿ ಹೇಳಿದ: "ಬಿಂದು, ಈಗ ಹಚ್ತೀನಿ!" ಆದರೂ ಅವಳು ಬೆಚ್ಚಿಬಿದ್ದಳು. ಆದಿಲಕ್ಷ್ಮಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವನು 'ಮೇಡಮ್' ಬಿಟ್ಟು 'ಬಿಂದು' ಎಂದದ್ದು ಅವಳಿಗೆ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು.

ಮರುದಿನ ಕ್ರಿಸ್‌ಮಸ್ ಆಚರಣೆಗೆ ಸ್ಟಾಫ್ ರೂಮಿನ ಮೇಜಿನ ತುಂಬ ಮೇಣದಬತ್ತಿ ಹಚ್ಚಿದ್ದರು. ಬಿಂದುಶ್ರೀ ದೂರದ ಕಿಟಕಿಯ ಹತ್ತಿರ ನಿಂತಳು. ಜಗನ್ ಒಂದು ತಟ್ಟೆಯಲ್ಲಿ ಪುಡ್ಡಿಂಗ್ ಹಾಕಿಸಿಕೊಂಡು, ಎರಡು ಚಮಚ ಹಿಡಿದು, ಬೆಳಕಿಗೂ ಅವಳಿಗೂ ನಡುವೆ ಬಂದು ನಿಂತ.

"ಇದು ಹೋಗ್ದೇ ಇದ್ರೆ? ಈ ಭಯ?" ಅವಳು ಮೆಲ್ಲಗೆ ಕೇಳಿದಳು.

"ಇರ್ಲಿ ಬಿಡು. ಅದೂ ನಮ್ಮನೇಲೇ ಇರುತ್ತೆ."

ಅವಳು ಒಂದು ಚಮಚ ಬಾಯಿಗಿಟ್ಟುಕೊಂಡಳು. ತಣ್ಣಗೆ, ಮೆತ್ತಗೆ, ಸಿಹಿಯಾಗಿ ಕರಗಿತು.

"ಭಾನುವಾರ ದಿಬ್ಬೂರಹಳ್ಳಿಗೆ ಬನ್ನಿ, ಅಮ್ಮನ್ನೂ ಕರ್ಕೊಂಡು" ಎಂದಳು. "ಅಣ್ಣಂಗೆ ಹೇಳಿಟ್ಟಿರ್ತೀನಿ."