ಕಲ್ಲಿನ ಮೇಲಿನ ಚಪ್ಪಲಿ

ಜಲಜಕ್ಕ ಕುಂದಾಪುರದ ನಮ್ಮ ಫೋಟೋ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಒಳಬಂದಾಗ ಮೋಹಿನಿಯಮ್ಮ ಮದುವೆಯೊಂದರ ಆಲ್ಬಮ್ಮಿಗೆ ಚಿತ್ರಗಳನ್ನು ಆರಿಸುತ್ತಿದ್ದರು. ನಾನು ಎದ್ದು ಕುರ್ಚಿ ಕೊಟ್ಟೆ. ಆಕೆ ಕೂರಲಿಲ್ಲ.

"ಅಮ್ಮ, ನಮ್ ಸೌಜನ್ಯ ಕಾಣುದಿಲ್ಲೆ. ಕಡ್ಲಿಗ್ ಬಿದ್ದಿದ್ಲ್ ಅಂಬ್ರು ಎಲ್ಲ. ನಂಗ್ ನಂಬುಕ್ ಆತಿಲ್ಲೆ."

"ಬಿದ್ದದ್ದ್ ಕಂಡದ್ ಯಾರ್?"

"ಯಾರೂ ಕಾಣ್ಲಿಲ್ಲೆ. ಚಪ್ಲಿ ಮಾತ್ರ ಸಿಕ್ಕಿತ್ತ್."

ಮೋಹಿನಿಯಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬದುಕಿನ ಬಹುಪಾಲು ಬೆಳಕನ್ನೇ ನೋಡುತ್ತ ಕಳೆದ ಅವರ ಬಳಿಗೆ ಜನ ಚಿತ್ರಗಳಿಗಾಗಿ ಬರುವಷ್ಟೇ ಸಹಜವಾಗಿ ಬಿಡಿಸಲಾಗದ ಗಂಟುಗಳನ್ನು ಹಿಡಿದುಕೊಂಡೂ ಬರುತ್ತಿದ್ದರು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅವರ ಸಹಾಯಕನಾಗಿ ಸೇರಿದ್ದ ನನಗೆ ಎರಡೂ ಬಗೆಯ ಕೆಲಸ ಅಭ್ಯಾಸವಾಗಿತ್ತು.

ನಾವುಂದದ ಸೌಜನ್ಯಳನ್ನು ಅರಿಯದವರು ನಮ್ಮ ಕಡೆ ವಿರಳ. ಮೀನು ಮಾರುವ ಜಲಜಕ್ಕನ ಈ ಮಗಳ ವಿಡಿಯೋಗಳನ್ನು ಲಕ್ಷಾಂತರ ಜನ ನೋಡುತ್ತಿದ್ದರು. ಮರವಂತೆಯ ತೀರದಲ್ಲಿ ಮರುದಿನ ಆರಂಭವಾಗಬೇಕಿದ್ದ 'ನೀಲಸ್ವರ' ಎಂಬ ಐಷಾರಾಮಿ ಸಂಗೀತೋತ್ಸವಕ್ಕೆ ಅವಳದೇ ಮುಖ. ಮರಳಿನ ಮೇಲೆ ರತ್ನಗಂಬಳಿ, ತಣ್ಣಗಿನ ಗುಡಾರ, ಹೊರದೇಶದ ಗಾಯಕರು ಎಂದು ಅವಳು ವಾರಗಳಿಂದ ವರ್ಣಿಸುತ್ತ ಬಂದಿದ್ದಳು. ಆ ಮುಂಜಾನೆ ಹೆಸರಿಲ್ಲದ ಖಾತೆಯೊಂದು ಒಂದು ಚಿತ್ರ ಹಾಕಿತ್ತು. ಕಡಲ ಬದಿಯ ಕಲ್ಲಿನ ಮೇಲೆ ಅವಳ ಹಸಿರು ಚಪ್ಪಲಿ. ಕೆಳಗೆ, 'ಈಗಷ್ಟೇ ಮರವಂತೆಯಲ್ಲಿ ಕಂಡದ್ದು. ಸೌಜನ್ಯ ಎಲ್ಲಿ?' ಎಂಬ ಸಾಲು. ಜನ ಓಡಿಹೋಗಿ ನೋಡಿದರೆ ಚಪ್ಪಲಿ ಅಲ್ಲಿಯೇ ಇತ್ತು.

"ನನ್ ತಮ್ಮ ಪಾಂಡು ದೋಣಿ ಇಳ್ಸಿಯಾಯ್ತ್," ಎಂದರು ಜಲಜಕ್ಕ. "ಅವ್ನ್ ಹಿಂದೆ ನಾವುಂದದ ದೋಣಿ ಎಲ್ಲ ಹೋಯ್ತ್."

ಮೋಹಿನಿಯಮ್ಮ ತಟ್ಟನೆ ಎದ್ದರು. ದೂರದ ವಾಯುಭಾರ ಕುಸಿತದಿಂದ ಕಡಲು ಕೆರಳಿತ್ತು. ಮೀನುಗಾರರು ಇಳಿಯಬಾರದೆಂಬ ಎಚ್ಚರಿಕೆಯಿದ್ದು, ಅಂದು ಬೆಳಗಿನವರೆಗೆ ದೋಣಿಗಳೆಲ್ಲ ಮರಳಿನ ಮೇಲೆಯೇ ಇದ್ದವು. ಆದರೆ ಕಡಲು ಒಬ್ಬರನ್ನು ಸೆಳೆದುಕೊಂಡಿತೆಂದರೆ ಈ ತೀರದ ದೋಣಿಗಳು ದಡದಲ್ಲಿ ಉಳಿಯುವುದಿಲ್ಲ. ಹೋದವರು ಸಿಗಬೇಕು, ಇಲ್ಲವೇ ಆ ಮನೆಯವರೇ ಕರೆಯಬೇಕು. ಅಲ್ಲಿಯವರೆಗೆ ಹಿಂದಿರುಗುವುದೂ ಇಲ್ಲ.

ತಲ್ಲೂರು ದಾಟಿ ಮರವಂತೆ ತಲುಪಿದಾಗ ಆಕಾಶ ತಿಳಿಯಾಗಿತ್ತು. ಹೆದ್ದಾರಿಯ ಬಲಕ್ಕೆ ಹೊಳೆಯ ಮೇಲೆ ಬೆಳಗಿನ ಸೂರ್ಯ; ಎಡಕ್ಕೆ ಕಲ್ಲುಗಳಿಗೆ ಅಪ್ಪಳಿಸುವ ಕಡಲು. ಜಲಜಕ್ಕ ಅಷ್ಟು ಅವಸರದಲ್ಲಿಯೂ ರಸ್ತೆಯಂಚಿನ ತೆಂಗಿನ ಬುಡದಲ್ಲಿ ಚಪ್ಪಲಿ ಬಿಟ್ಟು ಕೆಳಗಿಳಿದರು. ಅಲ್ಲಿ ಆಗಲೇ ಚಪ್ಪಲಿಗಳ ಸಾಲಿತ್ತು. ನೀರಿನತ್ತ ಹೋದ ಹೆಂಗಸರೆಲ್ಲ ಬರಿಗಾಲಲ್ಲಿದ್ದರು. ನಾವೂ ನಮ್ಮವನ್ನು ಅಲ್ಲಿಯೇ ಬಿಟ್ಟೆವು.

ಕಲ್ಲುಗಳು ಮುಗಿಯುವಲ್ಲಿ ಬಿಳಿ ಗುಡಾರಗಳ ಸಾಲು. ಎಸ್.ಐ. ರವಿರಾಜರ ಜೀಪಿನಲ್ಲಿ ತಲ್ಲೂರಿನ ರತನ್ ತಲೆ ತಗ್ಗಿಸಿ ಕುಳಿತಿದ್ದ. ಸೌಜನ್ಯಳ ವಿಡಿಯೋಗಳನ್ನು ಚಿತ್ರೀಕರಿಸುತ್ತಿದ್ದವನು ಅವನೇ. ಹಿಂದಿನ ಸಂಜೆ ಇದೇ ತೀರದಲ್ಲಿ ಅವರಿಬ್ಬರ ಜಗಳವನ್ನು ಹಲವರು ಕಂಡಿದ್ದರು.

"ಎಂತಕ್ಕೆ ಜಗಳ ಮಾಡ್ದೆ?" ಮೋಹಿನಿಯಮ್ಮ ಕೇಳಿದರು.

"ಕೆಲ್ಸ ಬಿಡ್ತೆ ಅಂದೆ, ಅಮ್ಮ. ಇಲ್ದಿದ್ದನ್ನ ಇತ್ತ್ ಅಂಬುದ್ ನಂಗ್ ಸಾಕಾಯ್ತ್."

ಉತ್ಸವದ ಒಡೆಯ ಅನೂಪ್ ಮಂಗಳೂರಿನವರು. ಅವರು ಒಂದೆಡೆ ನಿಲ್ಲಲಾಗದೆ ಮರಳಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಹಿಂದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ ಅವರು ಗಾಯಕರನ್ನು ಕಾಯುತ್ತ ಬೈಂದೂರು ರೈಲು ನಿಲ್ದಾಣದಲ್ಲಿದ್ದುದನ್ನು ಪೊಲೀಸರು ಖಚಿತಪಡಿಸಿಕೊಂಡಿದ್ದರು. ಪ್ರಚಾರದ ಹೊಣೆ ಹೊತ್ತ ಸುಶಾಂತ್ ಬೆಂಗಳೂರಿನವನು. ಬೂಟು ತೊಟ್ಟು, ಮೊಬೈಲಿನಿಂದ ಕಣ್ಣು ತೆಗೆಯದೆ ನಿಂತಿದ್ದ.

"ಇಡೀ ದೇಶ ನೋಡ್ತಿದೆ ಮೇಡಂ. ಎಲ್ಲರೂ ಅವಳಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದಾರೆ."

ಮೋಹಿನಿಯಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು. "ಎಂತ ಸೆಕೆ ಮಾರಾಯ್ರೆ! ನಿಮ್ಮ ತಣ್ಣಗಿನ ಗುಡಾರದಲ್ಲಿ ಒಂದು ಗಳಿಗೆ ಕೂರಬಹುದಾ?"

"ಸಾರಿ ಮೇಡಂ, ಗುಡಾರಗಳಿಗೆ ಇನ್ನೂ ಕರೆಂಟೇ ಕೊಟ್ಟಿಲ್ಲ. ಜನರೇಟರ್ ಓಡ್ತಿರೋದು ಸ್ಟೇಜಿಗೆ. ಎಲ್ಲಕ್ಕೂ ಬೀಗ ಹಾಕಿದೆ, ಕೀಲಿ ನನ್ನ ಹತ್ರಾನೇ ಇದೆ. ನಾಳೆ ಬನ್ನಿ."

ಮೋಹಿನಿಯಮ್ಮನ ಕಣ್ಸನ್ನೆಯಂತೆ ನಾನು ಗುಡಾರಗಳ ಹಿಂಬದಿಗೆ ಹೋದೆ. ಪ್ರತಿಯೊಂದಕ್ಕೂ ತಂಪುಯಂತ್ರ, ಅದರಿಂದ ಮರಳಿಗಿಳಿದ ಸಣ್ಣ ಕೊಳವೆ. ಎಲ್ಲ ಕೊಳವೆಗಳ ಕೆಳಗೂ ಮರಳು ಒಣಗಿತ್ತು. ಕೊನೆಯ ಗುಡಾರದ ಕೊಳವೆಯ ಕೆಳಗೆ ಮಾತ್ರ ಮರಳು ತೇವಗೊಂಡು ಪುಟ್ಟ ಗುಳಿ ಬಿದ್ದಿತ್ತು. ನಾನು ನೋಡುತ್ತಿರುವಾಗಲೇ ಅದರೊಳಕ್ಕೆ ಮತ್ತೊಂದು ಹನಿ ಬಿತ್ತು.

ಮರಳಿ ಬಂದು ಕಂಡದ್ದನ್ನು ಪಿಸುಗುಟ್ಟಿದೆ. ಅವರು ಮೊಬೈಲಿನ ಚಿತ್ರವನ್ನು ಹಿಗ್ಗಿಸಿ ನನ್ನ ಮುಂದೆ ಹಿಡಿದರು. ಚಪ್ಪಲಿಯ ತುದಿ ಕಡಲಿನತ್ತ. ನೀಳ ನೆರಳು ರಸ್ತೆಯತ್ತ. ನಾನು ತಲೆಯೆತ್ತಿ ತೆಂಗಿನ ಮರಗಳ ನೆರಳು ಈಗ ಬಿದ್ದಿದ್ದ ದಿಕ್ಕನ್ನು ನೋಡಿದೆ.

"ಜಲಜ, ನಿನ್ನೆ ರಾತ್ರಿ ಹೆಣ್ ಮನಿಯಂಗ್ ಇದ್ಲಾ?"

"ಇದ್ಲ್. ನನ್ ಬದಿಯಂಗೇ ಕೂತ್ ಉಂಡ್ಲ್. ಬೆಳಿಗ್ಗೆ ನಾ ಏಳುವತಿಗ್ ಹಾಸ್ಗಿ ಖಾಲಿ."

ಅಷ್ಟರಲ್ಲಿ, ದಡದಲ್ಲಿ ನಿಂತು ವೈರ್‌ಲೆಸ್ಸಿನಲ್ಲಿ ದೋಣಿಗಳನ್ನು ಕರೆಯುತ್ತಿದ್ದ ಮೀನುಗಾರ ಭೋಜಣ್ಣ ಕಡಲ ಕಡೆಯಿಂದ ಕೂಗಿದರು. "ಹ್ವಾಯ್! ಉಳ್ದೋರೆಲ್ಲ ಸಿಕ್ಕಿರ್. ಪಾಂಡು ಮಾತ್ರ ಉತ್ರ ಕೊಡುದಿಲ್ಲೆ!"

ಜಲಜಕ್ಕ ಕಡಲಿನತ್ತ ತಿರುಗಿ ತಮ್ಮನ ಹೆಸರು ಹಿಡಿದು ಕೂಗಿದರು.

"ರವಿರಾಜರೇ, ಎಲ್ಲರನ್ನೂ ಕೊನೆಯ ಗುಡಾರದ ಮುಂದೆ ಕರೆತನ್ನಿ. ರತನನನ್ನೂ," ಎಂದರು ಮೋಹಿನಿಯಮ್ಮ. "ಅದರ ಬೀಗ ತೆಗೆಸಬೇಕು."

"ಯಾವ ಆಧಾರದ ಮೇಲೆ, ಅಮ್ಮ?"

"ಹೇಳುತ್ತೇನೆ. ತಡಮಾಡುವ ಹಾಗಿಲ್ಲ."

ಎಲ್ಲರೂ ಸೇರಿದರು. ಮೋಹಿನಿಯಮ್ಮ ಮೊಬೈಲನ್ನು ಎತ್ತಿ ಹಿಡಿದರು.

"ಈಗಷ್ಟೇ ಕಂಡದ್ದು ಎಂದು ಮುಂಜಾನೆ ಹಾಕಿದ ಚಿತ್ರ ಇದು. ಮರವಂತೆಯಲ್ಲಿ ಬೆಳಗಿನ ಬಿಸಿಲು ಹೊಳೆಯ ಕಡೆಯಿಂದ ಬರುತ್ತದೆ, ನೆರಳು ಕಡಲಿನತ್ತ ಬೀಳುತ್ತದೆ. ಇಲ್ಲಿ ನೆರಳು ರಸ್ತೆಯತ್ತ ಬಿದ್ದಿದೆ. ಸೂರ್ಯ ಕಡಲ ಮೇಲಿದ್ದ. ಅಂದರೆ ಚಿತ್ರ ನಿನ್ನೆ ಸಂಜೆಯದು. ಆ ಸಂಜೆಯ ಬಳಿಕ ಹುಡುಗಿ ತಾಯಿಯ ಜೊತೆ ಕೂತು ಉಂಡಿದ್ದಾಳೆ. ಅವಳು ಕಾಣೆಯಾಗುವ ಮೊದಲೇ ಕಾಣೆಯಾದ ಚಿತ್ರ ತಯಾರಾಗಿತ್ತು."

ಗುಂಪಿನಲ್ಲಿ ಗದ್ದಲವೆದ್ದಿತು.

"ಎರಡನೆಯದು, ಚಪ್ಪಲಿಯ ಜಾಗ. ರಸ್ತೆಯಂಚಿನ ಆ ಸಾಲನ್ನು ನೋಡಿ. ಮಗಳು ಹೋದಳೆಂದು ಓಡಿಬಂದ ತಾಯಿ ಕೂಡ ಅಲ್ಲಿ ಚಪ್ಪಲಿ ಬಿಟ್ಟೇ ಇಳಿದಳು. ಈ ತೀರದಲ್ಲಿ ಹುಟ್ಟಿದವರು ಕಡಲಿಗೆ ಗೌರವವೆಂದು ನೀರಿನಂಚಿನವರೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಕಲ್ಲಿನ ಮೇಲೆ ಅದನ್ನು ಸೌಜನ್ಯ ಇಡುವವಳಲ್ಲ, ಈ ರತನನೂ ಇಡುವವನಲ್ಲ. ಇಟ್ಟವರು ಹೊರಗಿನವರು. ಅನೂಪರು ನಿನ್ನೆ ಸಂಜೆ ಬೈಂದೂರಿನಲ್ಲಿದ್ದರು. ಉಳಿದವರು ಯಾರು?"

ಸುಶಾಂತ್ ನಕ್ಕ. "ನೆರಳು, ಚಪ್ಪಲಿ! ಮೇಡಂ, ಇದೆಲ್ಲ ಸಾಕ್ಷಿನಾ?"

"ಅಲ್ಲ. ಸಾಕ್ಷಿ ಹಿಂದುಗಡೆ ತೊಟ್ಟಿಕ್ಕುತ್ತಿದೆ. ಅಕ್ಷಯ, ಹೇಳು."

"ತಂಪುಯಂತ್ರ ಓಡಿದರಷ್ಟೇ ಒಳಗಿನ ಗಾಳಿಯ ತೇವ ನೀರಾಗಿ ಈ ಕೊಳವೆಯಲ್ಲಿ ಇಳಿಯುತ್ತದೆ," ಎಂದೆ. "ಕರೆಂಟಿಲ್ಲದ ಗುಡಾರದಿಂದ ನೀರು ಬರುವುದಿಲ್ಲ."

ಅನೂಪ್ ಸುಶಾಂತನತ್ತ ತಿರುಗಿದರು. "ಕೀಲಿ ಕೊಡು ಮಾರಾಯ. ಏನು ಮಾಡಿಟ್ಟಿದ್ದೀಯ ನೀನು?"

ಬೀಗ ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ದಪ್ಪ ಪರದೆಗಳ ನಡುವೆ, ಯಂತ್ರದ ಗುಂಯ್‌ಗುಡುವ ಸದ್ದಿನಲ್ಲಿ, ಸೌಜನ್ಯ ಮಂಚದ ಮೇಲೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಪೊಲೀಸರನ್ನು ಕಂಡು ಮೊದಲು ನಕ್ಕಳು. ತಾಯಿಯ ಮುಖ ಕಂಡು ಎದ್ದುನಿಂತಳು.

"ನಾಳೆ ವೇದಿಕೆಯ ಮೇಲೆ ಕಡಲಿನಿಂದ ಎದ್ದುಬಂದ ಹಾಗೆ ಬರುವುದಿತ್ತು," ಎಂದು ಸುಶಾಂತ್ ತೊದಲಿದ. "ಪ್ರಚಾರ ಅಷ್ಟೇ. ಯಾರಿಗೂ ತೊಂದರೆ ಆಗಬಾರದು ಅಂತ..."

"ತೊಂದರೆ ಆಗ್ಲಿಲ್ಯಾ?" ಜಲಜಕ್ಕ ಮಗಳ ಭುಜ ಹಿಡಿದು ಕಡಲಿನತ್ತ ತಿರುಗಿಸಿದರು. "ಕಾಣ್! ನಿನ್ ಮಾವ ಅಲ್ಲಿದ್ದ. ನಿನ್ ಹೆಣ ಹುಡ್ಕ್ತಾ ಇದ್ದ!"

ಸೌಜನ್ಯ ಸುಶಾಂತನತ್ತ ಬೆರಳು ತೋರಿದಳು. "ಇಂವ ನನ್ ಮೊಬೈಲ್ ತಕಂಡಿದ್ದ. ಹೊರ್ಗಿನ್ ಸದ್ದ್ ಎಂತದೂ ಕೇಣ್ಲಿಲ್ಲೆ." ಅವಳು ಮೋಹಿನಿಯಮ್ಮನತ್ತ ತಿರುಗಿದಳು. "ಚಪ್ಲಿ ಕಲ್ಲಿನ್ ಮೇಲೆ ಇಟ್ಟದ್ ಯಾರಂತ ಪೊಲೀಸ್ರಿಗ್ ಹೇಳಿದ್ರಿ, ಅಮ್ಮ?"

"ಇವನೇ ಇಟ್ಟನೆಂದು."

"ಅಲ್ಲ. ನಾನೇ ಇಟ್ಟದ್ದ್. ನಿನ್ನೆ ಫೋಟೋಕ್ಕೂ, ಇವತ್ತ್ ಬೆಳಿಗ್ಗೆಯೂ. ಮರದ್ ಬುಡದಂಗ್ ಇಡುವ ಅಂದ ಇಂವ. ಅಲ್ಲಿಟ್ರೆ ಅಮ್ಮ ನಂಬ್ತ್ಲ್ ಅಂತ ಗೊತ್ತಿತ್ತ್. ಕಲ್ಲಿನ್ ಮೇಲೆ ಕಂಡ್ರೆ ಇದ್ ಸುಳ್ಳ್ ಅಂತ ಅಮ್ಮಂಗ್ ತಿಳೀತ್, ಮಾವಂಗೂ ತಿಳೀತ್ ಅಂದ್ಕಂಡಿದ್ದೆ."

ತಪ್ಪಿದ ತೀರ್ಮಾನವೊಂದಕ್ಕಾಗಿ ಮೋಹಿನಿಯಮ್ಮ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮಗಳ್ ಹೋಯ್ಲ್ ಅಂದ್ರೆ ಚಪ್ಲಿ ಎಲ್ಲಿತ್ತ್ ಅಂತ ಯಾರ್ ಕಾಣ್ತ್ರ್, ಹೆಣೆ?" ಎಂದು ಜಲಜಕ್ಕ ಮಗಳನ್ನು ಕೇಳಿದರು.

ಭೋಜಣ್ಣ ವೈರ್‌ಲೆಸ್ ತಂದುಕೊಟ್ಟರು. ಜಲಜಕ್ಕ ಅದರೊಳಗೆ ಕೂಗಿದರು: "ಹೆಣ್ ಸಿಕ್ಕಿತ್ತ್! ಜೀವದಂಗಿತ್ತ್! ಎಲ್ಲ ಬನಿ, ಪಾಂಡುನ ಹುಡ್ಕಂಡ್ ಬನಿ!" ಅಲೆಗಳ ಆಚೆ ಒಂದೊಂದೇ ದೋಣಿ ತನ್ನ ಮೂತಿಯನ್ನು ದಡದತ್ತ ತಿರುಗಿಸಿತು. ರತನನನ್ನು ಇಳಿಸಿದ ಜೀಪಿಗೆ ಸುಶಾಂತ್ ಹತ್ತಿದ. ಅನೂಪ್ ಉತ್ಸವ ರದ್ದಾಯಿತೆಂದು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದರು.

ಯಾರೋ ಸೌಜನ್ಯಳ ಮೊಬೈಲನ್ನು ಅವಳ ಮುಂದೆ ಹಿಡಿದರು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಬರಿಗಾಲಲ್ಲಿ ನೀರಿನಂಚಿಗೆ ಹೋಗಿ ನಿಂತಳು. ಬಂದ ಪ್ರತಿ ದೋಣಿಯಲ್ಲಿಯೂ ಪಾಂಡುವಿನ ಮುಖ ಹುಡುಕಿದಳು. ದಡ ಹತ್ತಿದವರು ಅವಳ ಮುಖ ನೋಡದೆ ಪಕ್ಕದಿಂದ ನಡೆದುಹೋದರು. ಬಿಸಿಲೇರಿತು, ಅವಳು ಕದಲಲಿಲ್ಲ.

ಕೊನೆಗೆ ಎರಡು ದೋಣಿಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಬಂದವು. ಹಿಂದಿನದರ ಇಂಜಿನ್ ಕೆಟ್ಟಿತ್ತು, ವೈರ್‌ಲೆಸ್ ನೀರು ಪಾಲಾಗಿತ್ತು. ಅದರ ಮೂತಿಯಲ್ಲಿ, ಹಣೆಯ ಗಾಯಕ್ಕೆ ಹೆಗಲ ಬೈರಾಸು ಸುತ್ತಿಕೊಂಡು ಪಾಂಡು ನಿಂತಿದ್ದರು. ಅಕ್ಕನ ಮಗಳನ್ನು ಕಂಡರು. ಅವಳು ಅಳುತ್ತಿದ್ದಳು. ದಡದಲ್ಲಿದ್ದವರ ಮೊಬೈಲುಗಳೆಲ್ಲ ಒಮ್ಮೆಗೇ ಮೇಲೆದ್ದವು.

ಪಾಂಡು ಹಗ್ಗದ ಸುರುಳಿಯನ್ನು ಬೀಸಿ ಅವಳತ್ತ ಎಸೆದರು.

"ಹಿಡಿ ಹೆಣೆ," ಎಂದರು. "ಕಾಣ್ತಾ ನಿಂತ್ರೆ ದೋಣಿ ಮೇಲ್ ಬತ್ತಾ?"