ತಂತಿ ಕಿತ್ತ ಮೇಲೂ ಬಂದ ಉತ್ತರ

ಬೆಳಿಗ್ಗೆ ಎಂಟೂವರೆಗೆ ಪ್ರಯಾಣಿಕರ ಪಟ್ಟಿ ಕೈಗೆ ಸಿಗದಂತಾಯಿತು.

ಸುವಾ ಬಂದರಿನ ಆ ಹಡಗು ಕಚೇರಿಯಲ್ಲಿ ಪಟ್ಟಿ ಇರುವುದು ಹತ್ತನೇ ನಂಬರಿನ ಕಂಪ್ಯೂಟರಿನಲ್ಲಿ. ಹಡಗುಕಟ್ಟೆಯ ಅಧಿಕಾರಿ ಅದನ್ನು ತನ್ನ ಪರದೆಯಲ್ಲಿ ನೋಡದೆ ಕಡವು ದ್ವೀಪದ ಹಡಗನ್ನು ಬಿಡುವುದಿಲ್ಲ. ಹೊರಡಬೇಕಾದದ್ದು ಹನ್ನೆರಡಕ್ಕೆ.

"ಇದು ಇಲೈಸಾನದೇ ಕೆಲಸ!" ಮ್ಯಾನೇಜರ್ ಸಕಿಯಾಸಿ ಗುಡುಗಿದರು. "ನಿನ್ನೆ ರಜೆ ಕೊಡ್ಲಿಲ್ಲ ಅಂತ ಮುಖ ಊದಿಸ್ಕೊಂಡು ಹೋದ. ಕಂಪ್ಯೂಟರ್ ಕೋಣೆಯಿಂದ ಕೊನೆಗೆ ಹೊರಗೆ ಬಂದೋನೂ ಅವನೇ. ಹನ್ನೆರಡರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ."

ಇಲೈಸಾ ಹನ್ನೊಂದು ವರ್ಷದಿಂದ ಅಲ್ಲಿಯ ಕಂಪ್ಯೂಟರುಗಳನ್ನು ಮಕ್ಕಳಂತೆ ನೋಡಿಕೊಂಡವನು. ಅವನು ಗೋಡೆಗೊರಗಿ ನಿಂತಿದ್ದ. ಅವನ ಕೈಕೆಳಗೆ ಕೆಲಸ ಕಲಿತ ಶರ್ಲಿನ್ ಪ್ರಸಾದ್‌ಗೆ ಮೈಯೆಲ್ಲ ಉರಿದುಹೋಯಿತು.

"ನೀವು ಏನೂ ಮುಟ್ಬೇಡಿ ಅಣ್ಣ. ಮುಟ್ಟಿದ್ರೆ ಸಾಕ್ಷಿ ಅಳಿಸಿದ ಅಂತಾರೆ. ನಾನೇ ಹುಡುಕ್ತೀನಿ."

*

ಪಿಂಗ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಕಂಪ್ಯೂಟರು ಇನ್ನೊಂದನ್ನು "ಇದ್ದೀಯಾ?" ಎಂದು ಕೂಗುತ್ತದೆ. ಇದ್ದರೆ ಅದು "ಓ" ಎನ್ನುತ್ತದೆ.

ಶರ್ಲಿನ್ ಮೊದಲು ತನ್ನ ಕಂಪ್ಯೂಟರನ್ನೇ ಕೂಗಿದಳು. ಓಗೊಟ್ಟಿತು. ರೂಟರನ್ನು ಕೂಗಿದಳು. ಅದೂ ಓಗೊಟ್ಟಿತು. ಟಿಕೆಟ್ ಕೌಂಟರೂ ಸರಿಯಾಗಿತ್ತು. ಆಮೇಲೆ ಹತ್ತನ್ನು ಕೂಗಿದಳು. ಉತ್ತರವಿಲ್ಲ. ಮತ್ತೆ ಉತ್ತರವಿಲ್ಲ. ಮೂರನೇ ಸಲ "ಓ" ಎಂದಿತು. ಮತ್ತೆ ಸುಮ್ಮನಾಯಿತು.

"ಸತ್ತಿದ್ರೆ ಪೂರ್ತಿ ಸಾಯ್ಬೇಕಿತ್ತು. ಇದ್ಯಾಕೆ ಆಗಾಗ ಕಣ್ಬಿಡುತ್ತೆ?"

"ತಂತಿ ಸಡಿಲ ಮಾಡಿರ್ತಾನೆ," ಎಂದರು ಸಕಿಯಾಸಿ, ಬೆನ್ನ ಹಿಂದೆಯೇ ನಿಂತು.

ಅವಳು ತಂತಿ ಬದಲಿಸಿದಳು. ಅದೇ ಗೋಳು. ತಂತಿ ಚುಚ್ಚುವ ಕಿಂಡಿಯನ್ನೂ ಬದಲಿಸಿದಳು. ಏನೂ ಹೆಚ್ಚುಕಡಿಮೆ ಆಗಲಿಲ್ಲ. ಹತ್ತೂವರೆ ಆಗಿತ್ತು. ಹೊರಗೆ ಕಟ್ಟೆಯ ಮೇಲೆ ಜನ ಚಾಪೆ ಹಾಸಿ ಕೂತಾಗಿತ್ತು.

ಶರ್ಲಿನ್ ಹಲ್ಲು ಕಚ್ಚಿದಳು. ಹತ್ತನೇ ಕಂಪ್ಯೂಟರಿನ ತಂತಿಯನ್ನು ಪೂರ್ತಿ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ನಾಲ್ಕು ಸಲ ಕೂಗಿದಳು.

ನಾಲ್ಕು ಸಲವೂ ಉತ್ತರ ಬಂತು.

"ತಂತಿ ನನ್ನ ಕೈಲಿದೆ," ಎಂದಳು ಮೆಲ್ಲಗೆ. "ಹಾಗಾದ್ರೆ ಓ ಅಂತಿರೋದು ಯಾರು?"

*

ಕಾರ್ಖಾನೆಯಲ್ಲೇ ಪ್ರತಿ ಯಂತ್ರಕ್ಕೂ ಒಂದು ಹುಟ್ಟುನಂಬರು ಕೊಟ್ಟಿರುತ್ತಾರೆ. ಶರ್ಲಿನ್ ಕೀಲಿ ಒತ್ತಿ ಕೇಳಿದಾಗ ಉತ್ತರ ಕೊಟ್ಟ ಯಂತ್ರದ ಹುಟ್ಟುನಂಬರು ಪರದೆಗೆ ಬಂತು. ಇಲೈಸಾ ಒಂದನ್ನೂ ಬಿಡದೆ ಎಲ್ಲವನ್ನೂ ಬರೆದಿಡುತ್ತಿದ್ದ ದಪ್ಪ ಪುಸ್ತಕ ತೆಗೆದು ಅವಳು ಬೆರಳಿಟ್ಟು ಹುಡುಕಿದಳು. ಸಿಕ್ಕಿತು.

'ಹಳೆಯ ಹತ್ತು. ಏಪ್ರಿಲ್‌ನಲ್ಲಿ ಒಡೆದು ಹಾಕಲಾಗಿದೆ.' ಕೆಳಗೆ ಸಕಿಯಾಸಿಯವರ ಸಹಿ.

"ಸರ್, ಇದನ್ನ ಒಡೆದದ್ದು ನೀವು ಕಣ್ಣಾರೆ ನೋಡಿದ್ರಾ?"

"ಸಹಿ ಇದೆಯಲ್ಲ!"

"ನಾನು ಸಹಿ ಕೇಳ್ಲಿಲ್ಲ ಸರ್."

ಸಕಿಯಾಸಿ ಹಣೆ ಒರೆಸಿಕೊಂಡರು. ಶರ್ಲಿನ್ ತಂತಿಗಳೆಲ್ಲ ಸೇರುವ ಪೆಟ್ಟಿಗೆಯ ಹತ್ತಿರ ಹೋಗಿ ಒಂದೊಂದನ್ನೇ ಕಿತ್ತು ಕೂಗುತ್ತಾ ಬಂದಳು. ಹದಿನಾಲ್ಕನೆಯದನ್ನು ಕಿತ್ತಾಗ ಉತ್ತರ ನಿಂತಿತು. ಆ ತಂತಿ ಹೋಗುತ್ತಿದ್ದದ್ದು ಸರಕಿನ ಶೆಡ್ಡಿಗೆ.

*

ಶೆಡ್ಡಿನಲ್ಲಿ ರಸೀದಿ ಬರೆಯುವ ಮೆರೆಸೀನಿ ಪ್ರಿಂಟರಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಹಳೆಯ ಕಂಪ್ಯೂಟರು, ಅದರ ಮೇಲೊಂದು ಹೂವಿನ ಬಟ್ಟೆ.

"ಬಾ ಮಗಳೇ, ಬೇಯಿಸಿದ ಮರಗೆಣಸಿದೆ, ತಿನ್ನು. ಈ ದರಿದ್ರ ಪ್ರಿಂಟರ್ ಈಗಷ್ಟೇ ನಿಂತೋಯ್ತು ನೋಡು."

"ಈ ಯಂತ್ರ ಎಲ್ಲಿಂದ ಬಂತು ಅತ್ತೆ?"

"ಸಕಿಯಾಸಿ ಕೊಟ್ಟ. ನೆಂಟಳು ನಾನು, 'ಕೆರೆಕೆರೆ', ಕೊಡಪ್ಪಾ ಅಂತ ಕೈಚಾಚಿದ ಮೇಲೆ ನಮ್ಮಲ್ಲಿ ಇಲ್ಲ ಅನ್ನೋಕಾಗುತ್ತಾ? ಅವನಮ್ಮ ನಮ್ಮೂರಿನೋಳು. ಇಷ್ಟು ದಿನ ಮನೇಲಿತ್ತು. ಇವತ್ತು ನಮ್ಮ ಚರ್ಚಿನೋರು ಕಡವುಗೆ ಹೊರಟಿದಾರಲ್ಲ, ಹಾಡಿನ ಹಾಳೆ ಅಚ್ಚು ಹಾಕೋಣ ಅಂತ ತಂದೆ. ಎಂಟೂಕಾಲಿಗೆ ಚುಚ್ಚಿದೆ."

ಹಿಂದೆಯೇ ಬಂದಿದ್ದ ಸಕಿಯಾಸಿ ಬಾಗಿಲಲ್ಲೇ ನಿಂತುಬಿಟ್ಟರು.

"ಕೇಳಿ ಸರ್," ಶರ್ಲಿನ್ ತಿರುಗಿದಳು. "ಹೊಸ ಯಂತ್ರಕ್ಕೂ ಹಳೇದರ ಹತ್ತನೇ ನಂಬರೇ ಕೊಟ್ವಿ, ಹಳೇದು ಒಡೆದು ಹೋಯ್ತು ಅಂತ ನಂಬಿ. ಇವತ್ತು ಎರಡೂ ಒಟ್ಟಿಗೆ ಎದ್ದವು. ಹತ್ತು ಅಂತ ಕೂಗಿದ್ರೆ ಒಮ್ಮೆ ಅದು, ಒಮ್ಮೆ ಇದು; ಎರಡೂ ಒಟ್ಟಿಗೆ ಬಾಯಿ ಹಾಕಿದಾಗ ಒಂದೂ ತಲುಪಲ್ಲ. ಒಡೆಯೋಕೆ ಹೇಳಿದ್ದು ದೊಡ್ಡ ಕಚೇರಿ. ನಿಮಗೆ ನೆಂಟರಿಗೆ ಇಲ್ಲ ಅನ್ನೋಕೂ ಆಗ್ಲಿಲ್ಲ, ಕಚೇರಿಗೆ ನಿಜ ಹೇಳೋಕೂ ಆಗ್ಲಿಲ್ಲ. ಸುಳ್ಳು ಸಹಿ ಹಾಕಿದ್ರಿ."

"ಇವಳು ಇಲ್ಲಿ ತಂದು ಚುಚ್ತಾಳೆ ಅಂತ ನಂಗೇನು ಗೊತ್ತು?"

"ಬೆಳಿಗ್ಗೆ ಗೊತ್ತಿರ್ಲಿಲ್ಲ, ಒಪ್ತೀನಿ. ಪುಸ್ತಕ ತೆಗೆದಾಗ ಗೊತ್ತಾಯ್ತಲ್ಲ? ಆಗಲೂ ಇಲೈಸಣ್ಣನ ಹೆಸರು ವಾಪಸ್ ತಗೊಳ್ಲಿಲ್ಲ."

ಸಕಿಯಾಸಿ ಬಗ್ಗಿ ಹಳೆಯ ಯಂತ್ರದ ತಂತಿ ಕಿತ್ತರು.

*

ಶರ್ಲಿನ್ ಹೊಸ ಹತ್ತಕ್ಕೆ ತಂತಿ ಮತ್ತೆ ಚುಚ್ಚಿದ ಮೇಲೆ, ಹನ್ನೊಂದೂ ಮುಕ್ಕಾಲಿಗೆ ಪಟ್ಟಿ ಕಟ್ಟೆಯ ಪರದೆಗೆ ಬಂತು. ಹನ್ನೆರಡಕ್ಕೆ ಹಡಗು ಕೂಗಿ ಹೊರಟಿತು.

ಒಂದು ಗಂಟೆಗೆ ಸಕಿಯಾಸಿ ಕಾಗದದಲ್ಲಿ ಸುತ್ತಿದ, ಅಲ್ಲಿ ಕ್ಷಮೆ ಕೇಳುವವರು ಒಪ್ಪಿಸುವ ಕಾವಾ ಬೇರಿನ ಕಟ್ಟು ಹಿಡಿದು ಬಂದರು. ಇಲೈಸಾನ ಮೇಜಿನ ಮುಂದೆ, ಎಲ್ಲರೂ ನೋಡುತ್ತಿರುವಂತೆ, ನೆಲದ ಮೇಲೆ ಕೂತರು. ಬೇರನ್ನು ಮುಂದಿಟ್ಟು ತಲೆ ತಗ್ಗಿಸಿದರು. "ತಪ್ಪಾಯ್ತು."

ಇಲೈಸಾನೂ ಕುರ್ಚಿಯಿಂದ ಕೆಳಗಿಳಿದು ಎದುರು ಕೂತ. ಬೇರನ್ನು ಮುಟ್ಟಿ, ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದ. ಅಲ್ಲಿಗೆ ಕ್ಷಮಿಸಿದ ಹಾಗಾಯಿತು.

ಆಮೇಲೆ ದಪ್ಪ ಪುಸ್ತಕ ತೆರೆದು, ಪೆನ್ನು ಚಾಚಿದ.

"ಆ ಸಾಲು ನೀವೇ ತಿದ್ದಿ ಸರ್."

ಸಕಿಯಾಸಿ 'ಒಡೆದು ಹಾಕಲಾಗಿದೆ' ಎಂಬುದನ್ನು ಹೊಡೆದು ಹಾಕಿದರು. 'ಮೆರೆಸೀನಿಗೆ ನಾನೇ ಕೊಟ್ಟೆ' ಎಂದು ಬರೆದು, ಈ ಸಲ ನಿಜವಾದ ಸಹಿ ಹಾಕಿದರು.